ಕರಡಿ ಎತ್ತಿದ ಮೊದಲ ಗುಂಡು

ಮೈಯ ಕೊಬ್ಬನ್ನೆಲ್ಲ ಕರಗಿಸಿಕೊಂಡ ಕರಡಿಯೊಂದು ಬಲ ಗಳಿಸಲೆಂದು ಟಗರಿನ ಗರಡಿಮನೆಗೆ ಬಂದು, ಎಲ್ಲಕ್ಕಿಂತ ಚಿಕ್ಕ ಕಲ್ಲುಗುಂಡನ್ನು ಆರಿಸಿಕೊಂಡಿತು. ಅದರ ಜೋಲು ತೊಗಲನ್ನು ಕಂಡು ಗೋಡೆಯ ಮೇಲಿದ್ದ ಹುಂಜ ನಕ್ಕಿತು.

"ಏನಯ್ಯಾ, ಅಣ್ಣನ ಅಂಗಿ ತೊಟ್ಟು ಬಂದೆಯಾ? ಆ ಗುಂಡನ್ನು ಮೇಕೆಮರಿಗಳೂ ಎತ್ತುತ್ತವೆ."

"ಎತ್ತಲಿ. ನಾನು ಕಲಿಯಲು ಬಂದವನು," ಎಂದಿತು ಕರಡಿ. "ಇದರ ಎಷ್ಟೋ ಪಟ್ಟು ಭಾರವನ್ನು ವರ್ಷಗಟ್ಟಲೆ ಮೈಮೇಲೆ ಹೊತ್ತಿದ್ದೆ. ಅದನ್ನು ಇಳಿಸಿದವನಿಗೆ ಇದನ್ನು ಎತ್ತಲು ನಾಚಿಕೆಯೇಕೆ?"

ಗುಂಡು ಮೊಣಕಾಲಿನವರೆಗೆ ಬಂದು ಜಾರಿ ಬಿತ್ತು. ಹುಂಜ ಕೇಕೆ ಹಾಕಿತು. ಕರಡಿ ಮತ್ತೆ ಬಗ್ಗಿತು. ಈ ಸಲ ತೋಳು ನಡುಗಿದರೂ ಗುಂಡು ಹೆಗಲೇರಿತು.

"ಭಲೇ! ನಾಳೆಯೂ ಬಾ," ಎಂದ ಟಗರು ಹುಂಜದತ್ತ ತಿರುಗಿ, "ಇಳಿದು ಬಾ, ಈಗ ನಿನ್ನ ಸರದಿ," ಎಂದಿತು.

ಹುಂಜಕ್ಕೆ ತಟ್ಟನೆ ಪಕ್ಕದೂರಲ್ಲಿ ಕೂಗುವ ಕೆಲಸ ನೆನಪಾಯಿತು.