ಹಾರ ಹಾಕಿಸಿಕೊಂಡ ಕಪ್ಪು ಹರಳು

ಅಂದು ಆಯುಧಪೂಜೆ. ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವ ಮುಚ್ಚಿದ ಕೋಣೆಯಲ್ಲಿ ಗಾಳಿ ಶುದ್ಧಿ ಮಾಡುವ ಯಂತ್ರವಿತ್ತು. ಅದರೊಳಗಿದ್ದ ಮ್ಯಾಂಗನೀಸ್ ಆಕ್ಸೈಡಿನ ಕಪ್ಪು ಹರಳು, ತಾನು ಸವೆಯದೆ, ಬಣ್ಣಕ್ಕೆ ಬೆರೆಸುವ ಥಿನ್ನರಿನ ವಿಷದ ಆವಿಯನ್ನು ಮುರಿದು ಗಾಳಿಯನ್ನು ಮತ್ತೆ ಕೋಣೆಗೆ ಬಿಡುತ್ತಿತ್ತು. ಅದಕ್ಕೆ ಕಾವು ಕೊಡುತ್ತಿದ್ದದ್ದು ಕೆಳಗಿನ ಹೀಟರ್.

ಮೇಸ್ತ್ರಿ ಚನ್ನವೀರಪ್ಪ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿದ. “ಬಿಸಿಗೆ ಹೂವು ಬಾಡಿದರೆ ಅಪಶಕುನ,” ಎಂದು ಹೀಟರ್ ಆರಿಸಿದ. ಫ್ಯಾನು ತಿರುಗುತ್ತಲೇ ಇತ್ತು.

“ಒಂದೇ ಬೀರು ಉಳಿದಿದೆ ದ್ಯಾಮವ್ವ, ಹೊಡೆದು ಮುಗಿಸಿಬಿಡು,” ಎಂದ ಬಣ್ಣ ಹೊಡೆಯುವವಳಿಗೆ.

“ಹಬ್ಬದ ದಿನವೂ ಬಿಡಲ್ಲ ನೋಡಣ್ಣ ನೀನು,” ಎಂದು ಅವಳು ನಕ್ಕಳು. ಅವನು ಬಾಗಿಲೆಳೆದುಕೊಂಡು ಪ್ರಸಾದ ಹಂಚಲು ಹೋದ.

“ನಾನು ತಣ್ಣಗಾದರೆ ನಿನ್ನ ಕೈಲಿ ಏನೂ ಆಗದು,” ಎಂದಿತು ಹೀಟರ್.

“ಹಾರ ಬಿದ್ದದ್ದು ನನಗೆ. ಹೊಟ್ಟೆಕಿಚ್ಚು ಬೇಡ,” ಎಂದಿತು ಹರಳು.

ಆವಿ ಬಂತು. ಹರಳು ಅದನ್ನು ಹಿಡಿಯಿತು, ಮುರಿಯಲಾಗಲಿಲ್ಲ.

“ಏನು ಯಜಮಾನರೇ, ಹಬ್ಬದ ರಜೆಯೋ?” ಎಂದು ಆವಿ ಕೇಳಿತು.

“ನಿಲ್ಲು. ಆ ಹೆಂಗಸು ಒಳಗಿದ್ದಾಳೆ.”

“ನಿಲ್ಲುವುದು ನನ್ನ ಗುಣವಲ್ಲ. ನಿಲ್ಲಿಸುವುದು ನಿಮ್ಮ ಕೆಲಸವಾಗಿತ್ತು.”

ಆವಿ ಹರಳನ್ನು ದಾಟಿ ಕೋಣೆಗೆ ಮರಳಿತು. ಮತ್ತೆ ಬಂತು, ಮತ್ತೆ ಮರಳಿತು, ಪ್ರತಿಸಲವೂ ಹೆಚ್ಚಾಗಿ. ಹರಳು ಕಾವು ಬೇಡಿ ಕೂಗಿಕೊಂಡಿತು.

“ನನ್ನ ಗುಂಡಿ ಒತ್ತುವ ಕೈ ಬಾಗಿಲಾಚೆ ಇದೆ,” ಎಂದಿತು ಹೀಟರ್.

ಬಣ್ಣ ಸಿಂಪಡಿಸುವ ಗನ್ನು ನೆಲಕ್ಕೆ ಬಿದ್ದ ಸದ್ದಾಯಿತು.

ಮಧ್ಯಾಹ್ನ ಬಾಗಿಲು ತೆರೆದು ದ್ಯಾಮವ್ವನನ್ನು ಹೊತ್ತು ಹೊರಗೆ ತಂದರು. ಉಸಿರಿರಲಿಲ್ಲ. ಅವಳ ಊಟದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.