ಕಸ್ತೂರಿಯ ದನಿಗೆ ಬೀಗ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಶಿವಪುತ್ರ ಎಂಬ ಶಿಷ್ಯನಿದ್ದ. ಮಠದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ಹೆಂಡತಿ ಕಸ್ತೂರಿ ತೀರಿಕೊಂಡ ಮೇಲೆ ಮಠ ಸೇರಿದವನು.

ಆಕೆ ಬದುಕಿದ್ದಾಗ ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನೆಲ್ಲ ಅವನು ಅಂತರ್ಜಾಲದ ಒಂದು ಖಾತೆಯಲ್ಲಿ ಇಟ್ಟಿದ್ದ. ಆ ಖಾತೆಯ ಪಾಸ್‌ವರ್ಡು, ಪಾಸ್‌ವರ್ಡುಗಳನ್ನೇ ಕಾಯುವ ಒಂದು ಆ್ಯಪ್‌ನಲ್ಲಿತ್ತು.

ಒಂದು ಬೆಳಿಗ್ಗೆ ಅವನು ಗುರುಗಳ ಬಳಿ ಓಡಿಬಂದ. ಎಲ್ಲರೂ ಅಜ್ಜಾರು ಎಂದೇ ಕರೆಯುವ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ತಮ್ಮ ಕಾವಿ ಬಟ್ಟೆ ಒಗೆಯುತ್ತಿದ್ದರು.

“ಅಜ್ಜಾರ, ಕೆಲಸ ಕೆಟ್ಟಿತ್ರಿ! ನನ್ನ ಪಾಸ್‌ವರ್ಡ್ ಕಾಯೂ ಆ್ಯಪಿನ ಲೈಸೆನ್ಸ್, ಅಂದ್ರ ಬಳಸೂ ಪರವಾನಗಿ, ಬದಲಾಗೇತಿ. ಇಲ್ಲೀಮಟ ಅದನ್ನ ಕಟ್ಟಿದ ಕೋಡ್ ಯಾರು ಬೇಕಾದ್ರೂ ಓದಬಹುದಿತ್ತು. ಈಗ ಕಂಪನಿಯವರು ಮುಚ್ಚಿಬಿಟ್ಟಾರ. ಒಳಗ ಏನು ಮಾಡ್ತಾರೋ ಏನೋ. ಯಾವುದನ್ನ ನಂಬ್ಲಿ?”

“ತೆರೆದಿದ್ದಾಗ ನೀ ಓದಿದ್ಯೇನು?”

“ಇಲ್ರಿ. ನನಗೆಲ್ಲಿ ತಿಳೀಬೇಕು? ತಿಳಿದವರು ಓದಿರ್ತಾರಂತ ನಂಬಿದ್ದೆ.”

“ಅಂದ್ರ ನೀ ನಂಬಿದ್ದು ಮಂದಿನ್ನ.”

ಶಿವಪುತ್ರ ತಲೆ ಕೆರೆದುಕೊಂಡ. “ಹೌದ್ರಿ. ಮುಚ್ಚಿದ್ರ ಅವರಿಗೂ ನೋಡಾಕ ಬರೂದಿಲ್ಲಲ್ರಿ.”

“ಅದು ಖರೇ. ಹಂಗಾದ್ರ ತೆರೆದಿರೂದನ್ನ ಹುಡುಕು.”

“ಒಂದೈತ್ರಿ. ಅದರ ಲೈಸೆನ್ಸ್ ಛಲೋ ಐತಿ. ಯಾರು ಬೇಕಾದ್ರೂ ತಗೋಬಹುದು. ಆದ್ರ ತಿದ್ದಿ ಹಂಚಿದವರು ಮುಚ್ಚಿಡೂಹಂಗಿಲ್ಲ. ಮುಂದಿನವರಿಗೂ ತೆರೆದೇ ಕೊಡಬೇಕು.”

“ಭೇಷ್! ಅದನ್ನ ತಗೋ. ಮತ್ತ್ಯಾಕ ಅಂಜ್ತೀ?”

“ಹಳೇ ಆ್ಯಪಿನಿಂದ ಹೊಸದಕ್ಕ ಸಾಗಿಸೂದ್ರಾಗ ಪಾಸ್‌ವರ್ಡ್ ತಪ್ಪಿದ್ರ ಕಸ್ತೂರಿ ದನಿ ಹೋಗ್ತೈತ್ರಿ. ಅದು ಮತ್ತೆಲ್ಲೂ ಇಲ್ಲ.”

ಅಜ್ಜಾರು ಬಟ್ಟೆ ಹಿಂಡಿದರು. “ಅದ್ರಾಗ ಏನಂತಾಳ ಆಕಿ?”

ಈ ಹುಚ್ಚಪ್ಪ ಶಿವಪುತ್ರ, ಆಕೆ ಹೋದ ಮೇಲೆ ಅದನ್ನು ಒಮ್ಮೆಯೂ ಕೇಳಿರಲಿಲ್ಲ! ದಿನಾ ಖಾತೆ ತೆರೆಯುವುದು, ಎಲ್ಲ ಇವೆಯೇ ಎಂದು ನೋಡುವುದು, ಒಂದನ್ನೂ ಒತ್ತದೆ ಮುಚ್ಚುವುದು. ಇದೇ ಅವನ ಪೂಜೆಯಾಗಿತ್ತು.

“ಕೇಳಾಕ ಜೀವ ಹಾತೊರೀತೈತ್ರಿ,” ಎಂದ. “ಆದ್ರ ಕೇಳಿದ ಮ್ಯಾಲ ತಿರುಗಿ ಮಾತಾಡಬೇಕನಸ್ತೈತಿ. ಯಾರ ಕೂಡ ಮಾತಾಡ್ಲಿ?”

“ಆಕೀ ಅವ್ವಗ ಕೇಳಿಸೀಯೇನು?”

“ಅತ್ತಿಯವರು ಬಾಳ ಸಲ ಬೇಡಿದ್ರು. ಕೊಟ್ಟಿಲ್ರಿ. ಅವರ ಫೋನ್ ಓಣಿ ಮಂದಿ ಕೈಯಾಗ ಇರತೈತಿ. ಯಾರ್ಯಾರ ಕಿವಿಗೆ ಬೀಳ್ತೈತೋ ಅಂತ…”

“ಹಡೆದಾಕೀಗೂ ಪರವಾನಗಿ ಇಲ್ಲೇನಪಾ?”

ಶಿವಪುತ್ರನ ಕಣ್ಣು ತುಂಬಿದವು.

ಅಜ್ಜಾರು ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಹಿಡಿದು ಝಾಡಿಸಿ ಬಂಡೆಯ ಮೇಲೆ ಹರವಿದರು.

“ಅತ್ತಿಯವರಿಗೆ ಇವತ್ತ ಕಳಸ್ತೀನ್ರಿ ಅಜ್ಜಾರ,” ಎಂದ ಶಿವಪುತ್ರ. “ಆದ್ರ ನನಗ ಕೇಳೂ ಧೈರ್ಯ ಇಲ್ಲ.”

“ಕಳಸಬ್ಯಾಡ, ನೀನ ಹೋಗು. ಅತ್ತೀ ಬಾಜೂ ಕುಂತು ಕೇಳು. ಕಸ್ತೂರಿಗೆ ಏನು ಹೇಳಬೇಕನಸ್ತೈತೋ, ಅದನ್ನ ಅವರವ್ವನ ಮುಂದ ಹೇಳು.”