ಮೈ ಕೊಡುವವನು

ಹೊಳೆದಂಡೆಯಲ್ಲೊಂದು ಗರಡಿ. ಅಲ್ಲಿನ ಉಸ್ತಾದರು ಚೆಲುವಯ್ಯ, ಕುಸ್ತಿಯಾಡಿ ಆಡಿ ಕಿವಿಯೆರಡೂ ಮುರುಟಿಹೋದ ಮುದುಕ. ಅವರ ಶಿಷ್ಯ ಜವರ.

ಜವರನದು ಮೈ ಕೊಡುವ ಕೆಲಸ. ಅಂದರೆ, ಬೇರೆಯವರು ಪಟ್ಟು ಕಲಿಯುವಾಗ ಎತ್ತಿ ಒಗೆಯಲು ಒಬ್ಬ ಬೇಕಲ್ಲ, ಆ ಒಬ್ಬ ಇವನು. ಎತ್ತುವವನ ಸೊಂಟ ಉಳುಕದ ಹಾಗೆ ಮೈ ಹಗುರ ಮಾಡಿಕೊಂಡು ಬೀಳಬೇಕು. ಎದ್ದು ಮತ್ತೆ ಬೀಳಬೇಕು. ವರ್ಷಗಟ್ಟಲೆ ಅದನ್ನೇ ಮಾಡಿದ ಪುಣ್ಯಾತ್ಮ.

ಇವನನ್ನು ಒಗೆದೊಗೆದೇ ಗರಡಿಯ ಹುಡುಗರು ಊರೂರಿಂದ ಗದೆ ಗೆದ್ದು ತಂದರು. ಇವನಿಗೆ ಸಿಕ್ಕಿದ್ದು ಜಾರಿದ ಭುಜ. ತಾನೂ ಒಂದು ಸಲ ಗೆಲ್ಲಬೇಕು ಅಂತ ಇವನಿಗೂ ಆಸೆ ಇರುತ್ತಲ್ಲ, ಇತ್ತು.

ಕೊನೆಗೂ ಉಸ್ತಾದರು ಅವನನ್ನು ಅಖಾಡಕ್ಕೆ ಇಳಿಸಿದರು. ಎದುರಾಳಿ ಸೊಂಟಕ್ಕೆ ಕೈ ಹಾಕಿದ್ದೇ ತಡ, ಜವರನ ಮೈ ತಾನಾಗಿಯೇ ಹಗುರವಾಯಿತು. ಅಯ್ಯೋ, ಏನು ಹೇಳೋಣ! ಎತ್ತಿಸಿಕೊಂಡ, ಚೆಂದವಾಗಿ ಬಿದ್ದ. ಬೆನ್ನು ಮಣ್ಣು ಮುಟ್ಟಿತು, ಕುಸ್ತಿ ಮುಗಿಯಿತು.

"ಮಲಗೋಕೆ ಬಂದವ್ನೆ, ಚಾಪೆ ಹಾಸ್ರೋ!" ಅಂತ ಯಾರೋ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೆಯ ಬೆಳಿಗ್ಗೆ ಉಸ್ತಾದರು ಗರಡಿಯ ಕೆಮ್ಮಣ್ಣು ಅಗೆದು ಸಡಿಲ ಮಾಡುತ್ತಿದ್ದರು. ಜವರ ತನ್ನ ಕುಸ್ತಿಯ ಕಾಚವನ್ನು ಒಗೆದು ಮಡಿಸಿ ತಂದು ಅವರ ಮುಂದಿಟ್ಟ.

"ಸಾಕಾಯ್ತು ಉಸ್ತಾದ್ರೇ. ಇನ್ನು ಬರಲ್ಲ."

"ಭುಜ ನೋಯ್ತದಾ?"

"ಭುಜದ ಮಾತು ಬಿಡಿ. ನನ್ನ ಮೈ ನನ್ನ ಮಾತು ಕೇಳಲ್ಲ. ಯಾರು ಮುಟ್ಟಿದ್ರೂ ಬೀಳ್ತದೆ. ಹಿಂಗೆ ಮಾಡಿದ್ದು ನೀವು."

ಗುರುವಿಗೆ ಎಂದೂ ಎದುರಾಡಿದವನಲ್ಲ. ಹೇಳಿಬಿಟ್ಟು ಅಲ್ಲೇ ಕುಕ್ಕರಿಸಿದ. ಅವನಿಗೆ ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು.

ಉಸ್ತಾದರು ಗುದ್ದಲಿ ಕೆಳಗಿಟ್ಟರು.

"ಹೌದು ಕಣಪ್ಪಾ, ನಾನೇ ಮಾಡಿದ್ದು. ನಿನ್ನಂಗೆ ಬೀಳೋನು ಇನ್ನೊಬ್ಬ ಸಿಗಲಿಲ್ಲ. ಬಿಟ್ಟುಕೊಡೋಕೆ ನನಗೆ ಮನಸ್ಸು ಬರಲಿಲ್ಲ."

"ಈಗ ಹೇಳಿ ಏನು ಬಂತು?"

ಮುದುಕರು ಪಂಚೆ ಬಿಚ್ಚಿಟ್ಟು ಜವರ ತಂದಿಟ್ಟ ಕಾಚವನ್ನೇ ಕಟ್ಟಿಕೊಂಡರು. ಒಂದು ಹಿಡಿ ಮಣ್ಣು ತಗೊಂಡು ಎದೆಗೆ ಬಳಿದುಕೊಂಡರು.

"ಏಳು. ಇವತ್ತು ನಾನು ಮೈ ಕೊಡ್ತೀನಿ. ಎತ್ತಿ ಒಗಿ."

"ತಮಾಷೆನಾ? ನಿಮ್ಮ ಮೂಳೆ ಉಳಿಯಲ್ಲ."

"ಅದು ನನ್ನ ಪಾಡು. ಎತ್ತು."

ಜವರ ಒಲ್ಲದ ಮನಸ್ಸಿನಿಂದ ಅವರ ಸೊಂಟ ಹಿಡಿದ. ಹಿಡಿದವನೇ ಹಾಳು ಅಭ್ಯಾಸಕ್ಕೆ ತಾನೇ ಜಾರಿ ಕೆಳಗೆ ಕೂತ.

"ಬೀಳೋನು ನಾನು ಕಣೋ, ನೀನಲ್ಲ," ಅಂದರು ಉಸ್ತಾದರು.

ಮತ್ತೆ ಹಿಡಿದ, ಮತ್ತೆ ಜಾರಿದ. ತನ್ನ ಮೈ ಮೇಲೆ ತನಗೇ ಅಸಹ್ಯವಾಯಿತು. ಆಮೇಲೊಮ್ಮೆ ಹಿಮ್ಮಡಿಯನ್ನು ಸಡಿಲ ಮಣ್ಣಿನೊಳಗೆ ಗಟ್ಟಿಯಾಗಿ ಊರಿದ. ಈ ಸಲ ಮೈ ನಿಂತಿತು. ಉಸ್ತಾದರನ್ನು ಎತ್ತಿ ಒಗೆದೇಬಿಟ್ಟ.

ಮುದುಕರು ಮೂಟೆಯ ಹಾಗೆ ದೊಪ್ಪನೆ ಬಿದ್ದರು. ಉಸಿರು ಕಟ್ಟಿತು, ಬಾಯಿ ತುಂಬ ಮಣ್ಣು.

"ಅಯ್ಯಯ್ಯೋ!" ಜವರ ಓಡಿಬಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. "ಕೈ ಚಾಚ್ತಾರೇನ್ರೀ ಯಾರಾದ್ರೂ? ಗದ್ದಾನ ಎದೆಗೆ ಒತ್ಕೋಬೇಕು, ಬೀಳೋವಾಗ ಉಸಿರು ಬಿಡಬೇಕು. ಇಷ್ಟು ಜನಕ್ಕೆ ಕಲಿಸಿದೋರು, ಇದೇನು ಹಿಂಗೆ ಬಿದ್ರಿ?"

ಉಸ್ತಾದರು ಮಣ್ಣು ಉಗಿದರು. ಉಸಿರು ಬರುವ ತನಕ ಶಿಷ್ಯನ ಮುಖವನ್ನೇ ನೋಡುತ್ತಿದ್ದರು.

"ನಾಳೆಯೂ ಬಾ ಜವರ," ಅಂದರು. "ನನಗಿನ್ನೂ ಬೀಳೋಕೆ ಬರಲ್ಲ."